ಇದೆ, ಸಿಗುತ್ತಿಲ್ಲ

ರಾತ್ರಿ ಹನ್ನೊಂದೂವರೆ. ಕೆಳಗಡೆ
ಇಮ್ದಾದ್ ಭಾಯಿಯ ರೀಲಿಂಗ್ ಬೇಸಿನ್ನು ಆರುತ್ತಿದೆ,
ಬೆಂದ ಹುಳದ ವಾಸನೆ ಮೆಟ್ಟಿಲು ಹತ್ತಿ
ನನ್ನ ಕೋಣೆಯ ಬಾಗಿಲಲ್ಲಿ ನಿಂತಿದೆ.
ಹದಿನಾರು ಮಂದಿ ಕಾಯುತ್ತಿದ್ದಾರೆ:
ಚಿಂತಾಮಣಿಯವರಿಬ್ಬರು, ಬಾಗೇಪಲ್ಲಿಯವನೊಬ್ಬ,
ಹೆಸರಿನ ಬದಲು ಬರೀ ಚುಕ್ಕೆ ಇಟ್ಟುಕೊಂಡ ಇನ್ಯಾರೋ.
ಸರ್ವರ್ ಏಳುತ್ತಿಲ್ಲ.

ಏಳುತ್ತದೆ, ಮೂರು ಸಾಲು ಮಾತಾಡುತ್ತದೆ,
ನಾಲ್ಕನೆಯದಕ್ಕೆ ಮಲಗುತ್ತದೆ:
ಹಂಚಿಕೆಯ ಕಡತ ತೆರೆಯಲಾಗಲಿಲ್ಲ,
ಅಂಥ ಕಡತವಾಗಲಿ ಕೋಶವಾಗಲಿ ಇಲ್ಲ.

ಇಲ್ಲ ಅಂದರೆ?
ಪಟ್ಟಿ ತೆಗೆಸಿ ನೋಡಿದೆ. ಇದೆ.
ಹೆಸರು ಅದೇ, ಬಾಲದಲ್ಲಿನ ಆರೂ ಅದೇ,
ಪರದೆಯ ಮೇಲೆ ಬೆರಳಿಟ್ಟು ತೋರಿಸಬಹುದು.

ಹಗಲು ನಾನು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ತೂಕ ಬರೆಯುವವನು. ಹೋದ ವಾರ ಹೀಗೇ ಆಯಿತು.
ಮೂರು ಕ್ರೇಟು ಗೂಡು ಸುರಿದು ಎದುರಿಗೇ ನಿಂತಿದ್ದಾನೆ
ದಿಬ್ಬೂರಹಳ್ಳಿಯ ಮುನಿನಂಜಪ್ಪ,
ಬೆವರಿದ್ದಾನೆ, ಕೆಮ್ಮುತ್ತಿದ್ದಾನೆ,
ಕಂಪ್ಯೂಟರು ಹೇಳುತ್ತದೆ, ಈ ಹೆಸರಿನ ರೈತ ಇಲ್ಲ.
"ಹಂಗಾದ್ರೆ ಈ ಬೆವರು ಯಾರ್ದು ಸ್ವಾಮಿ?" ಅಂದ.
ಆಗ ನಗು ಬಂದಿತ್ತು.

ಹಾದಿ ತೋರಿಸಿದೆ: ಇಗೋ, ಈ ಕೋಶದಲ್ಲಿ ಹುಡುಕು.
ಇಲ್ಲ.
ಹಳೆ ಹೆಸರಿನಿಂದ ಹೊಸದಕ್ಕೆ ಕೊಂಡಿ ಹಾಕಿದೆ.
ಇಲ್ಲ.
ಪಕ್ಕದಲ್ಲೇ ನಕಲು ಮಾಡಿಟ್ಟೆ, ಮೆಷೀನು ಆರಿಸಿ ಹಚ್ಚಿದೆ,
ಸಣ್ಣಗೆ ಬೈದೆ.

ಯಾವುದಕ್ಕೆ ಯಾವುದು ಬೇಕು ಅಂತ ಕೇಳುವ ಆಜ್ಞೆಯೊಂದಿದೆ.
ಕೇಳಿದೆ. ಬಿಸಿನೀರಿನ ಗೂಡುಗಳನ್ನು ಕುಂಚದಲ್ಲಿ ಸವರಿದಾಗ
ತುದಿಗಳು ಒಂದೊಂದೇ ಮೇಲೆದ್ದು ಬರುವ ಹಾಗೆ
ಬಂದವು. ಶಾಹಿದಾ ಆಪಾ ಆ ತುದಿಗಳನ್ನು
ಯಾರ ಜೊತೆಗೋ ಮಾತಾಡುತ್ತಲೇ ಹಿಡಿಯುತ್ತಾಳೆ;
ಅವಳ ಬೆರಳ ತೊಗಲು ಸದಾ ಬಿಳಿಚಿ ನೆರಿಗೆ.
ನನಗೆ ಸಿಕ್ಕವು ಒಂಬತ್ತು. ಹತ್ತನೆಯದರ ಮುಂದೆ
ಒಂದು ಬಾಣ, ಬಾಣದಾಚೆ ಯಾರೂ ಇಲ್ಲ.
ಅದು ಗೌಸ್ ಪೀರನ ಮಾಡ್ ಕೇಳುವ ಕಡತ.

ನಾಲ್ಕು ವರ್ಷದ ಕೆಳಗೆ ಇದೇ ಮುರುಕು ಕುರ್ಚಿಯಲ್ಲಿ ಕೂತು ಬರೆದ.
ನಮ್ಮ ಮಾರ್ಕೆಟ್ಟೇ ಆಟದೊಳಕ್ಕೆ ಬಂತು,
ಹರಾಜು ಕಟ್ಟೆ, ಬೀಡಿ ಅಂಗಡಿ, ಓಡಿದರೆ ಧಡಧಡ ಅನ್ನುವ ತಗಡು.
ಆ ಸದ್ದನ್ನು ಅವನು ನಿಜವಾಗಿ ತಗಡು ಹತ್ತಿ ಹಿಡಿದು ತಂದಿದ್ದ.
ಆಮೇಲೆ ಅವನ ತಮ್ಮನನ್ನು ನಾನು ಬ್ಯಾನ್ ಮಾಡಿದೆ,
ಗೋಡೆಯಾಚೆ ಇರುವವರೂ ಕಾಣುವಂತೆ ಮಾಡಿಕೊಂಡು
ಗುಂಡು ಹಾರಿಸ್ತಾನೆ ಅಂತ.
ಹಾರಿಸುತ್ತಿದ್ದದ್ದು ನಿಜ.
ಎರಡು ವರ್ಷದಿಂದ ಮಾತಿಲ್ಲ. ಟೀ ಅಂಗಡಿಯಲ್ಲಿ
ಇಬ್ಬರೂ ಇರುತ್ತೇವೆ, ಇಬ್ಬರೂ ಇರುವುದಿಲ್ಲ.

ಒಂದು ಗಂಟೆಗೆ ಮೆಸೇಜು ಹಾಕಿದೆ. ಕ್ಷಮೆ ಗಿಮೆ ಏನಿಲ್ಲ,
ತಪ್ಪಿನ ಸಾಲು ಅಂಟಿಸಿ ಕೆಳಗೊಂದು ಪ್ರಶ್ನೆಚಿಹ್ನೆ.
ನೀಲಿ ಗೆರೆ ಬಿತ್ತು. ಟೈಪು ಮಾಡುತ್ತಿದ್ದಾನೆ ಅಂದಿತು,
ನಿಂತಿತು, ಮತ್ತೆ ಅಂದಿತು.
ಬಂದದ್ದು ಎರಡೇ ಪದ:
ಮೂವತ್ತೆರಡು ಬಿಟ್.

ಥೂ.
ನಮ್ಮಜ್ಜಿಗೆ ತೆಲುಗು ಬಿಟ್ಟು ಬೇರೆ ಬಾರದು,
ಬ್ಯಾಂಕಿನ ಹೊಸ ಮ್ಯಾನೇಜರಿಗೆ ತೆಲುಗೊಂದು ಬಿಟ್ಟು ಎಲ್ಲ ಬರುತ್ತೆ.
ಮೊಳ ದೂರದಲ್ಲಿ ಎದುರುಬದುರು ಕೂತು
"ಎವರೂ ಲೇರಾ ಇಕ್ಕಡ?" ಅಂದಿದ್ದಳು ಅಜ್ಜಿ.
ಅವನು ಅವಳ ತಲೆಯ ಮೇಲಿಂದ "ನೆಕ್ಸ್ಟ್" ಅಂದಿದ್ದ.

ನಾನು ತಂದಿಟ್ಟದ್ದು ಅರವತ್ನಾಲ್ಕರ ಕಡತ.
ಮೇಲಕ್ಕೆ ಸರಿಸಿ ನೋಡಿದರೆ, ಹಾದಿ ತೋರಿಸಿದ ಮೇಲೆ
ಮೆಷೀನು ಬೇರೆಯೇ ಹೇಳಿತ್ತು:
ಸಿಕ್ಕಿತು, ವರ್ಗ ಬೇರೆ.
ಮೂರು ಸಲ ಹೇಳಿತ್ತು. ಮೂರು ಸಲವೂ ನಾನು
ಇಲ್ಲ ಎಂದೇ ಓದಿಕೊಂಡಿದ್ದೆ.

ಹಳೆ ಮಾತಿನದನ್ನು ಇಳಿಸಿ ಕೂರಿಸುವಾಗ ಎರಡಾಯಿತು.
ಚಿಂತಾಮಣಿಯವರು ಮಲಗಿದ್ದರು, ಬಾಗೇಪಲ್ಲಿಯವನೂ.
ಮಾರ್ಕೆಟ್ಟು ತೆರೆಯಿತು, ಒಳಗೆ ಚುಕ್ಕೆಯೊಂದೇ.
ತಗಡು ಹತ್ತಿ ಈ ತುದಿಯಿಂದ ಆ ತುದಿಗೆ ಓಡಿದ,
ಧಡಧಡ. ಇಳಿದ. ನಾನು ತೂಕದ ಕೋಣೆಯ ಗೋಡೆಯ ಹಿಂದೆ
ಅಲುಗಾಡದೆ ನಿಂತಿದ್ದೆ.
ಅವನು ನೇರ ನನ್ನ ಕಡೆಗೇ ತಿರುಗಿದ.